ಕಾರ್ಡು ನಡೆಯದ ದಿನ

ಬಾಣಂತಿಯಾದವಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಿರಬೇಕು ಎಂದು ಕೇಳಿ ಬೆಳೆದವಳು ನಾನು. 2019ರಲ್ಲಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದೆ. ನನ್ನ ಬಾಣಂತಿ ತಲೆಗೆ ಬಟ್ಟೆಯನ್ನೇನೋ ಕಟ್ಟಿಕೊಂಡಿದ್ದಳು. ಆದರೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಗುವಿಗೆ ಹಾಲು ಕುಡಿಸುತ್ತಾ ಟೀವಿಯ ಮುಂದೆ ಕುಳಿತಿದ್ದಳು. ದನಿ ಮಾತ್ರ ಸಣ್ಣಗೆ ಇಟ್ಟಿದ್ದಳು. ತೆರೆಯ ಮೇಲೆ ಕೆಂಪು ನಿಲುವಂಗಿ ತೊಟ್ಟು, ಮುಖದ ಎರಡು ಪಕ್ಕಕ್ಕೂ ಬಿಳಿಯ ಮರೆ ಬರುವಂಥ ಟೊಪ್ಪಿಗೆ ಕಟ್ಟಿಕೊಂಡ ಹೆಂಗಸರು ಜೋಡಿ ಜೋಡಿಯಾಗಿ ತಲೆ ತಗ್ಗಿಸಿ ನಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬಳು ಹೆತ್ತಳು. ಹೆತ್ತ ಕೂಸನ್ನು ಅವಳಿಂದ ತೆಗೆದು ಇನ್ನೊಬ್ಬಳ ಮಡಿಲಿಗೆ ಹಾಕಿದರು.

"ಇದೇನೇ, ಬಾಣಂತಿ ನೋಡುವಂಥದ್ದೇ ಇದು? ಮೊದಲು ಆರಿಸು" ಎಂದೆ.

"ನೀನೂ ಕೂತ್ಕೋ ಅಮ್ಮ" ಎಂದಳು.

ಕುಳಿತೆ. ಆಮೇಲೆ ಏಳಲಾಗಲಿಲ್ಲ. ಆ ಬಾಣಂತನದ ಮೂರು ತಿಂಗಳಲ್ಲಿ ಮೊಮ್ಮಗಳು ಎದ್ದಾಗಲೆಲ್ಲ ನಾವಿಬ್ಬರೂ ಎದ್ದೆವು. ಅವಳು ಹಾಲು ಕುಡಿಯುವಷ್ಟು ಹೊತ್ತು ನಾವು 'ದಿ ಹ್ಯಾಂಡ್‌ಮೇಡ್ಸ್ ಟೇಲ್' ನೋಡಿದೆವು.

ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅಮೆರಿಕದಲ್ಲಿ ಸರ್ಕಾರ ಉರುಳಿ, ಧರ್ಮದ ಹೆಸರು ಹೇಳುವ ಒಂದು ಗುಂಪು ಅಧಿಕಾರ ಹಿಡಿಯುತ್ತದೆ. ದೇಶಕ್ಕೆ ಗಿಲಿಯಡ್ ಎಂಬ ಹೊಸ ಹೆಸರು ಬರುತ್ತದೆ. ಮಕ್ಕಳಾಗುವುದೇ ಅಪರೂಪವಾಗಿರುವ ಕಾಲ ಅದು. ಹೆರುವ ಶಕ್ತಿ ಇರುವ ಹೆಂಗಸರನ್ನು ಹಿಡಿದು, ಕಮಾಂಡರ್ ಎನಿಸಿಕೊಂಡ ದೊಡ್ಡ ಅಧಿಕಾರಿಗಳ ಮನೆಗಳಿಗೆ ಹಂಚುತ್ತಾರೆ. ಅವರು ಹೆತ್ತುಕೊಡಬೇಕು, ಅಷ್ಟೆ. ಇದಕ್ಕೆ ಬೈಬಲಿನಲ್ಲಿ ಬರುವ ರಾಹೇಲಳ ಕತೆಯನ್ನು ಆಧಾರವಾಗಿ ತೋರಿಸುತ್ತಾರೆ: ಮಕ್ಕಳಿಲ್ಲದ ಆಕೆ ತನ್ನ ದಾಸಿಯನ್ನು ಗಂಡನಿಗೆ ಒಪ್ಪಿಸಿದಳಲ್ಲವೇ ಎಂದು. ಹೆಂಡತಿಯರಿಗೆ ನೀಲಿ ಬಟ್ಟೆ, ಅಡಿಗೆಯವರಿಗೆ ಹಸಿರು, ಹೆರುವವರಿಗೆ ಕೆಂಪು. ಹೆಂಗಸರು ಯಾರೂ ಓದುವಂತಿಲ್ಲ, ದುಡಿಯುವಂತಿಲ್ಲ, ಕೈಯಲ್ಲಿ ಕಾಸಿಟ್ಟುಕೊಳ್ಳುವಂತಿಲ್ಲ.

ಧಾರಾವಾಹಿ ಶುರುವಾದದ್ದು 2017ರ ಏಪ್ರಿಲ್‌ನಲ್ಲಿ. ಎಲಿಸಬೆತ್ ಮಾಸ್ ಎಂಬ ನಟಿಯ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಮೆರಾ ಆ ಮುಖಕ್ಕೆ ಎಷ್ಟು ಹತ್ತಿರ ಹೋಗುತ್ತದೆಂದರೆ ಆಕೆ ಉಗುಳು ನುಂಗಿದ್ದೂ ನಮಗೆ ಗೊತ್ತಾಗುತ್ತದೆ. ಕೆಲವು ದೃಶ್ಯಗಳಲ್ಲಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕೆಲವು ಕಡೆ ಎದ್ದು ಹೋಗಿ, ಬೇಕಿಲ್ಲದಿದ್ದರೂ ಬಾಣಂತಿಗೆ ನೀರು ಕಾಯಿಸಿದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಟೀವಿ ಆರಿಸಿದೊಡನೆ ನನಗೆ ಸಮಾಧಾನವಾಗುತ್ತಿತ್ತು. ದೀಪ ಹಾಕಿದರೆ ನಮ್ಮದೇ ಮನೆ. ತೊಟ್ಟಿಲಲ್ಲಿ ನಮ್ಮದೇ ಕೂಸು. ಬಂದೂಕು ಹಿಡಿದವರು, ಕೆಂಪು ನಿಲುವಂಗಿಯವರು ಎಲ್ಲ ಎಲ್ಲಿಯವರೋ. 'ಪಾಪ, ಆ ಹೆಂಗಸರು' ಎಂದುಕೊಂಡು ಮಲಗಿದರೆ ನಿದ್ದೆ ಬರುತ್ತಿತ್ತು.

ನಾನು ಊರಿಗೆ ಹೊರಟಾಗ ಮಗಳು ಮೂಲ ಕಾದಂಬರಿಯನ್ನು ಕೈಗೆ ಕೊಟ್ಟಳು. ತಂದು ಕಪಾಟಿನಲ್ಲಿಟ್ಟೆ. ನನ್ನ ಇಂಗ್ಲಿಷು ಬ್ಯಾಂಕಿನ ಇಂಗ್ಲಿಷು. ಮೂವತ್ತಾರು ವರ್ಷ ಗುಮಾಸ್ತೆಯಾಗಿ ಕೌಂಟರಿನಲ್ಲಿ ಕುಳಿತವಳಿಗೆ ಸುತ್ತೋಲೆ ಅರ್ಥವಾಗುತ್ತದೆ, ಕಾದಂಬರಿ ಹೇಗೆ ಅರ್ಥವಾದೀತು ಎಂಬ ಅಳುಕು. ಕತೆ ಹೇಗೂ ಗೊತ್ತಿದೆಯಲ್ಲ ಎಂಬ ನೆಪವೂ ಇತ್ತು. 2025ರ ಮೇ ತಿಂಗಳಲ್ಲಿ ಆರನೆಯ ಸೀಸನ್ನಿನೊಂದಿಗೆ ಧಾರಾವಾಹಿ ಮುಗಿಯಿತು. ಅಂದು ಮಗಳು ಫೋನು ಮಾಡಿ, "ಈಗಲಾದರೂ ಓದಮ್ಮ" ಎಂದಳು. ನಿಘಂಟು, ಪೆನ್ಸಿಲು ಹಿಡಿದು, ಊಟವಾದ ಮೇಲಿನ ಹೊತ್ತಿನಲ್ಲಿ ಕುಳಿತೆ. ದಿನಕ್ಕೆ ಆರೇಳು ಪುಟ. ಎರಡು ತಿಂಗಳು ಹಿಡಿಯಿತು.

ಓದತೊಡಗಿದ ಮೇಲೆ ಮೊದಲು ಅನಿಸಿದ್ದು, ಇದು ನಾನು ನೋಡಿದ ಕತೆಯಲ್ಲವಲ್ಲ ಎಂದು. ಘಟನೆಗಳು ಬಹುಮಟ್ಟಿಗೆ ಅವೇ. ಆದರೆ ಹೇಳುವವಳು ಬೇರೆ. ತೆರೆಯ ಮೇಲಿನ ಹೆಂಗಸಿಗೆ ಜೂನ್ ಎಂಬ ಹೆಸರಿದೆ. ಮೊದಲ ಕಂತಿನ ಕೊನೆಗೇ ಅದನ್ನು ನಮಗೆ ಹೇಳಿಬಿಡುತ್ತಾಳೆ. ಬರುಬರುತ್ತ ಅವಳು ಹೋರಾಟಗಾರ್ತಿಯಾಗುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾಳೆ. ಪುಸ್ತಕದ ಹೆಂಗಸು ತನ್ನ ನಿಜವಾದ ಹೆಸರನ್ನು ಕೊನೆಯವರೆಗೂ ಹೇಳುವುದಿಲ್ಲ. ಅವಳಿಗಿರುವುದು ಆಫ್ರೆಡ್ ಎಂಬ ಹೆಸರು. ಅಂದರೆ ಫ್ರೆಡ್ ಎಂಬುವವನಿಗೆ ಸೇರಿದವಳು. ನಾಳೆ ಇನ್ನೊಂದು ಮನೆಗೆ ಕಳಿಸಿದರೆ ಆ ಮನೆಯ ಯಜಮಾನನ ಹೆಸರು ಬರುತ್ತದೆ.

ನಮ್ಮ ಕಡೆಯ ಕಾಗದಪತ್ರಗಳಲ್ಲಿ 'ಕೋಂ' ಎಂದು ಬರೆಯುವುದನ್ನು ನೀವೂ ನೋಡಿರುತ್ತೀರಿ. ಇಂಥವಳು ಕೋಂ ಇಂಥವನು. ಗಂಡಸಾದರೆ 'ಬಿನ್', ಮದುವೆಯಾದ ಹೆಂಗಸಾದರೆ 'ಕೋಂ'. ನೌಕರಿಗೆ ಸೇರಿದ ಹೊಸತರಲ್ಲಿ ಲೆಡ್ಜರಿನಲ್ಲಿ ಎಷ್ಟು ಸಾವಿರ ಸಲ ಆ ಅಕ್ಷರ ಬರೆದಿದ್ದೇನೋ. ಅದರ ಹಿಂದೆ ಹೆಂಗಸಿನ ಹೆಸರು, ಮುಂದೆ ಗಂಡನ ಹೆಸರು. ಗಿಲಿಯಡ್‌ನವರು ಮಾಡಿದ್ದು ಇಷ್ಟೆ: ಹಿಂದಿನ ಹೆಸರನ್ನು ಅಳಿಸಿ 'ಕೋಂ ಫ್ರೆಡ್' ಎಂಬುದನ್ನು ಮಾತ್ರ ಉಳಿಸಿಕೊಂಡರು. ಈ ಅರ್ಥ ಹೊಳೆದ ದಿನ ಪುಸ್ತಕವನ್ನು ಮಗುಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಧಾರಾವಾಹಿ ನೋಡುವಾಗ ಆ ಹೆಸರು ನನ್ನ ಕಿವಿಗೆ ಬರೀ ಇಂಗ್ಲಿಷ್ ಹೆಸರಾಗಿ ಕೇಳಿಸಿತ್ತು.

ಪುಸ್ತಕದವಳು ವೀರಳಲ್ಲ. ಹೆದರುತ್ತಾಳೆ, ಬೇಸರಪಡುತ್ತಾಳೆ, ಕಾಯುತ್ತಾಳೆ. ಊಟದಲ್ಲಿ ಕೊಟ್ಟ ಬೆಣ್ಣೆಯನ್ನು ಕದ್ದು ಬೂಟಿನ ತುದಿಯಲ್ಲಿ ಬಚ್ಚಿಟ್ಟು ರಾತ್ರಿ ಮುಖಕ್ಕೆ, ಕೈಗೆ ಹಚ್ಚಿಕೊಳ್ಳುತ್ತಾಳೆ, ಚರ್ಮ ಒರಟಾಗದಿರಲೆಂದು. ಯಾವತ್ತಾದರೊಂದು ದಿನ ಬಿಡುಗಡೆಯಾದೀತು ಎಂಬ ಆಸೆಯೆಲ್ಲ ಆ ಒಂದು ಚೂರು ಬೆಣ್ಣೆಯಲ್ಲಿದೆ. ಕಮಾಂಡರ್ ಗುಟ್ಟಾಗಿ ಕರೆಸಿಕೊಂಡಾಗ ಏನು ಕೇಳುತ್ತಾನೋ ಎಂದು ನಡುಗುತ್ತಾ ಹೋಗುತ್ತಾಳೆ. ಅವನು ಕೇಳುವುದು ತನ್ನೊಡನೆ ಸ್ಕ್ರ್ಯಾಬಲ್ ಆಡೆಂದು! ಅಕ್ಷರಗಳನ್ನು ಜೋಡಿಸಿ ಪದ ಕಟ್ಟುವ ಮಕ್ಕಳಾಟ. ಓದು ನಿಷೇಧವಾಗಿರುವ, ಅಂಗಡಿಯ ಫಲಕದಲ್ಲೂ ಅಕ್ಷರ ಅಳಿಸಿ ಚಿತ್ರ ಮಾತ್ರ ಬಿಟ್ಟಿರುವ ದೇಶದಲ್ಲಿ ಅದೇ ದೊಡ್ಡ ಅಪರಾಧ, ದೊಡ್ಡ ಸುಖ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಬಿಡಿಸುತ್ತಿದ್ದ ನನಗೆ ಆ ಸುಖ ಬಹಳ ಚೆನ್ನಾಗಿ ಅರ್ಥವಾಯಿತು.

ಆ ಮನೆಯ ಯಜಮಾನಿ ಸೆರೀನಾ ಜಾಯ್ ಧಾರಾವಾಹಿಯಲ್ಲಿ ಹರೆಯದ ಚೆಲುವೆ. ಪುಸ್ತಕದಲ್ಲಿ ವಯಸ್ಸಾದವಳು, ಕೋಲೂರಿ ನಡೆಯುವವಳು, ಕುಳಿತು ಉಣ್ಣೆಯ ಸ್ಕಾರ್ಫು ಹೆಣೆಯುವವಳು. ಹಿಂದೆ ಊರೂರು ಸುತ್ತಿ, ಹೆಂಗಸರು ಮನೆಯಲ್ಲೇ ಇರಬೇಕು ಎಂದು ಭಾಷಣ ಮಾಡುತ್ತಿದ್ದವಳು. ಈಗ ಅವಳ ಮಾತನ್ನೇ ನಡೆಸಿ ಅವಳನ್ನೂ ಮನೆಯಲ್ಲಿ ಕೂರಿಸಿದ್ದಾರೆ. ಇಂಥವರನ್ನು ನಾವು ನಮ್ಮ ನೆಂಟರಲ್ಲೇ ಕಂಡಿಲ್ಲವೇ?

ಆದರೆ ಇದನ್ನೆಲ್ಲ ಬರೆಯಲೇಬೇಕು ಎನಿಸಿದ್ದು ಪುಸ್ತಕದಲ್ಲಿ ಬರುವ ಒಂದು ದಿನದಿಂದಾಗಿ. ಗಿಲಿಯಡ್ ಇನ್ನೂ ಪೂರ್ತಿ ತಲೆಯೆತ್ತಿರದ ದಿನ ಅದು. ಕತೆ ಹೇಳುವವಳು ಆಗ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಬೀದಿ ಕೊನೆಯ ಅಂಗಡಿಗೆ ಸಿಗರೇಟು ಕೊಳ್ಳಲು ಹೋಗುತ್ತಾಳೆ. ಅವಳ ಕಾರ್ಡು ನಡೆಯುವುದಿಲ್ಲ. ಖಾತೆಯಲ್ಲಿ ಹಣವಿದೆ, ಆದರೂ ನಡೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಹಿರಿಯನೇ ಬಂದು, ಹೆಂಗಸರೆಲ್ಲ ಮನೆಗೆ ಹೊರಡಿ, ಇದು ಕಾನೂನು ಎನ್ನುತ್ತಾನೆ. ಹೊರಗೆ ಬಂದೂಕಿನವರು ನಿಂತಿದ್ದಾರೆ. ಮನೆಗೆ ಬಂದ ಗೆಳತಿ ಮೊಯ್ರಾ ವಿಷಯ ತಿಳಿಸುತ್ತಾಳೆ: ಹೆಂಗಸರ ಖಾತೆಗಳನ್ನೆಲ್ಲ ತಡೆಹಿಡಿದಿದ್ದಾರೆ, ಹಣ ಇನ್ನು ಗಂಡನದೋ ಹತ್ತಿರದ ಗಂಡಸಿನದೋ. ಎಲ್ಲವೂ ಕಂಪ್ಯೂಟರಿನಲ್ಲೇ ಇದ್ದುದರಿಂದ ಕೆಲವು ಗುಂಡಿ ಒತ್ತಿದ್ದರಲ್ಲಿ ಕೆಲಸ ಮುಗಿಯಿತು.

ಧಾರಾವಾಹಿಯಲ್ಲೂ ಕಾರ್ಡು ನಡೆಯದ ದೃಶ್ಯ ಇದೆ. ಅಲ್ಲಿ ಅದಾದ ಸ್ವಲ್ಪ ಹೊತ್ತಿಗೆ ಮೆರವಣಿಗೆ, ಗೋಲಿಬಾರು, ಓಡುವ ಜನ. ಗುಂಡಿನ ಸದ್ದಿನಲ್ಲಿ ಉಳಿದದ್ದು ನನಗೆ ಮರೆತೇಹೋಗಿತ್ತು. ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಂದು ಸಂಜೆ ಮನೆಗೆ ಬಂದ ಗಂಡ. ಲ್ಯೂಕ್ ಎಂದು ಅವನ ಹೆಸರು. ಒಳ್ಳೆಯವನು. ಹೆಂಡತಿಯನ್ನು ಪ್ರೀತಿಸುವವನು. ಅವಳನ್ನು ತಬ್ಬಿ ಸಮಾಧಾನ ಹೇಳುತ್ತಾನೆ. ಹೋದದ್ದು ಒಂದು ಕೆಲಸ ತಾನೇ, ನಿನ್ನನ್ನು ನಾನು ಯಾವಾಗಲೂ ನೋಡಿಕೊಳ್ಳುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಆ ಮಾತು ಅವಳಿಗೆ ಎಲ್ಲೋ ಚುಚ್ಚುತ್ತದೆ. ಚುಚ್ಚಿತಲ್ಲ ಎಂದು ತನ್ನ ಮೇಲೆಯೇ ಬೇಸರವೂ ಆಗುತ್ತದೆ. ರಾತ್ರಿ ಅವನ ಪಕ್ಕದಲ್ಲಿ ಮಲಗಿ ಒಂದು ಅನುಮಾನ ಪಡುತ್ತಾಳೆ: ಇವನಿಗೆ ಇದರಿಂದ ಅಂಥ ದುಃಖವೇನೂ ಆಗಿಲ್ಲವೇನೋ, ಒಂದು ಪಕ್ಷ ಹಿತವೇ ಆಗಿದೆಯೇನೋ ಎಂದು. ಕೇಳಲು ಧೈರ್ಯವಾಗುವುದಿಲ್ಲ. ಹೌದೆಂದುಬಿಟ್ಟರೆ?

ಲ್ಯೂಕನ ಆ ಮಾತಿಗೆ ನಿಘಂಟು ಬೇಕಾಗಲಿಲ್ಲ. ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಪದ: 'ನಾನಿದ್ದೇನಲ್ಲ'. ಹೆಣ್ಣುಮಕ್ಕಳು ಕೇಳಲು ಹಂಬಲಿಸುವ ಮಾತೂ ಅದೇ.

ಆ ಪುಟ ನನ್ನನ್ನು ಎಳೆದುಕೊಂಡು ಹೋದದ್ದು 2016ರ ನವೆಂಬರಿಗೆ. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ನಡೆಯುವುದಿಲ್ಲವೆಂಬ ಘೋಷಣೆ ಬಂತು. ಬ್ಯಾಂಕಿನ ಮುಂದೆ ಬಿದ್ದ ಸಾಲು ನಿಮಗೆಲ್ಲ ನೆನಪಿದ್ದೀತು. ನನಗೆ ಹೆಚ್ಚು ನೆನಪಿರುವುದು ನೋಟುಗಳ ವಾಸನೆ. ಸಾಸಿವೆಯ ವಾಸನೆ, ಮೆಂತ್ಯದ ವಾಸನೆ, ಟ್ರಂಕಿನೊಳಗಿನ ನುಸಿಗುಳಿಗೆಯ ವಾಸನೆ. ಊರಿನ ಹೆಂಗಸರು ವರ್ಷಗಟ್ಟಲೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟ ಹಣವೆಲ್ಲ ಒಂದೇ ವಾರದಲ್ಲಿ ಬೆಳಕಿಗೆ ಬಂದಿತ್ತು. "ಮೇಡಂ, ಇದು ನಮ್ಮ ಯಜಮಾನರಿಗೆ ಗೊತ್ತಾಗಬಾರದು" ಎಂದು ಪಿಸುಗುಟ್ಟಿದವರು ಎಷ್ಟು ಜನ!

ನಾಲ್ಕನೆಯ ದಿನವೋ ಐದನೆಯ ದಿನವೋ ಒಬ್ಬಾಕೆ ಗಂಡನೊಂದಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಐನೂರರ ನೋಟುಗಳನ್ನು ಕೌಂಟರಿನ ಮೇಲಿಟ್ಟಳು. ನಾಲ್ಕು ಮಡಿಕೆ ಮಾಡಿದ 26 ನೋಟು. ಹದಿಮೂರು ಸಾವಿರ. "ಎಷ್ಟು ವರ್ಷದ್ದಮ್ಮ?" ಎಂದೆ. "ಒಂಬತ್ತು ವರ್ಷದ್ದು. ಹಾಲು ಹಾಕಿದ್ದರಲ್ಲಿ" ಎಂದಳು. ಅವಳ ಹೆಸರಿನಲ್ಲಿ ಖಾತೆ ಇರಲಿಲ್ಲ. ಗಂಡ ತನ್ನ ಪಾಸ್‌ಬುಕ್ಕು ಮುಂದೆ ಮಾಡಿದ. ಅವನೇನೂ ರೇಗಿರಲಿಲ್ಲ. ನಗುನಗುತ್ತಲೇ ಇದ್ದ. "ನೋಡಿ ಮೇಡಂ, ಮನೆಯಲ್ಲೇ ಕಳ್ಳಿಯನ್ನಿಟ್ಟುಕೊಂಡಿದ್ದೆ. ಯಾಕೆ ಬಚ್ಚಿಡಬೇಕಿತ್ತು, ನಾನಿಲ್ವಾ?" ಎಂದ. ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

'ನಿಮ್ಮ ಹೆಸರಿನಲ್ಲೇ ಒಂದು ಖಾತೆ ತೆರೆಯಬಹುದಮ್ಮ' ಎಂದು ನಾನು ಹೇಳಬಹುದಿತ್ತು. ಒಂದು ವಾಕ್ಯ. ಹಣ ಇಲ್ಲದೆಯೂ ತೆರೆಯಬಹುದಾದ ಜನಧನ ಖಾತೆ ಬಂದು ಆಗಲೇ ಎರಡು ವರ್ಷವಾಗಿತ್ತು. ಆದರೆ ಹೊರಗೆ ಸಾಲು ಬೀದಿಯ ತಿರುವಿನವರೆಗೆ ಹೋಗಿತ್ತು, ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಚಲನ್ ತೆಗೆದುಕೊಂಡೆ, ನೋಟು ಎಣಿಸಿದೆ, ಅವನ ಖಾತೆಗೆ ಜಮಾ ಮಾಡಿದೆ. ಪಾಸ್‌ಬುಕ್ಕು ಅವನ ಕೈಗೇ ಕೊಟ್ಟೆ. ಅವಳು ಬರಿಯ ಸೆರಗನ್ನು ಸರಿಪಡಿಸಿಕೊಂಡು ಅವನ ಹಿಂದೆ ಹೋದಳು.

ಪುಸ್ತಕದಲ್ಲಿ ಗುಂಡಿ ಒತ್ತಿದವರು ಯಾರೆಂದು ನಮಗೆ ತೋರಿಸುವುದಿಲ್ಲ. ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಯಾರೂ ಬಂದೂಕು ಹಿಡಿದಿರಲಿಲ್ಲ, ಯಾರ ಕಾನೂನೂ ಮುರಿದಿರಲಿಲ್ಲ. ಆದರೂ ಒಬ್ಬ ಹೆಂಗಸಿನ ಒಂಬತ್ತು ವರ್ಷ ಇನ್ನೊಬ್ಬರ ಹೆಸರಿಗೆ ಹೋಯಿತು.

ಮಾರ್ಗರೆಟ್ ಅಟ್‌ವುಡ್ ಕೆನಡಾದವರು. ಈ ಕಾದಂಬರಿಯನ್ನು 1984ರಲ್ಲಿ, ಗೋಡೆಯಿನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್ನಿನಲ್ಲಿದ್ದುಕೊಂಡು ಬಾಡಿಗೆಯ ಟೈಪ್‌ರೈಟರಿನಲ್ಲಿ ಆರಂಭಿಸಿದರು. 1985ರಲ್ಲಿ ಪ್ರಕಟವಾಯಿತು. ಮನುಷ್ಯರು ಎಲ್ಲಾದರೂ, ಎಂದಾದರೂ ಮಾಡಿರದ ಯಾವುದನ್ನೂ ಇದರಲ್ಲಿ ಸೇರಿಸುವುದಿಲ್ಲ ಎಂಬುದು ಅವರು ಹಾಕಿಕೊಂಡ ನಿಯಮವಂತೆ. ಹುಡುಕಿದರೆ ಹೌದೆನಿಸುತ್ತದೆ. ರುಮೇನಿಯಾದಲ್ಲಿ 1966ರಿಂದ 1989ರವರೆಗೆ ಹೆಚ್ಚು ಹೆರಿಸಲೆಂದೇ ಗರ್ಭಪಾತವನ್ನು ನಿಷೇಧಿಸಿದ್ದರು. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೈನಿಕ ಆಡಳಿತ, ಸೆರೆಯಲ್ಲಿ ಹೆತ್ತವರ ಕೂಸುಗಳನ್ನು ಬೇರೆಯವರ ಮನೆಗೆ ಕೊಟ್ಟಿತು. ಅಜ್ಜಿಯರು ಆ ಮೊಮ್ಮಕ್ಕಳನ್ನು ಹುಡುಕುತ್ತಾ ಬೀದಿಗಿಳಿದರು. ಗುಲಾಮರಿಗೆ ಅಕ್ಷರ ಕಲಿಸಬಾರದೆಂಬ ಕಾನೂನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲೇ ಇತ್ತು. ಪುಸ್ತಕ ಬಂದ ಮೇಲಿನ ಕಾಲವೂ ಸುಮ್ಮನಿಲ್ಲ. ಅಫ್ಘಾನಿಸ್ತಾನದಲ್ಲಿ 2021ರಲ್ಲಿ ದೊಡ್ಡ ಹುಡುಗಿಯರ ಶಾಲೆಗಳೂ, 2022ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ಪಾಲಿನ ವಿಶ್ವವಿದ್ಯಾನಿಲಯಗಳೂ ಮುಚ್ಚಿದವು. ಅಮೆರಿಕದಲ್ಲಿ 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೆಗೆದುಹಾಕಿತು. ಅದಕ್ಕೂ ಮುಂಚೆ, 2017ರಲ್ಲೇ, ಟೆಕ್ಸಾಸಿನ ಶಾಸನಸಭೆಯಲ್ಲಿ ಹೆಂಗಸರು ಕೆಂಪು ನಿಲುವಂಗಿ ತೊಟ್ಟು ಮೌನವಾಗಿ ಕುಳಿತು ಪ್ರತಿಭಟಿಸಿದ್ದರು.

ಬ್ಯಾಂಕಿನವಳಾದ್ದರಿಂದ ನನಗೆ ಹಣದ ಲೆಕ್ಕವೇ ಮೊದಲು ಹೊಳೆಯುತ್ತದೆ. ಸಾಲ ಕೊಡುವಾಗ ಹೆಂಗಸೆಂಬ ಕಾರಣಕ್ಕೆ ಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದೇ 1974ರಲ್ಲಿ. ನಮ್ಮಲ್ಲಿ ಹಿಂದೂ ಸ್ತ್ರೀಯ ಆಸ್ತಿಹಕ್ಕಿಗೆ ಮೈಸೂರು ಸಂಸ್ಥಾನ 1933ರಲ್ಲಿ ಕಾನೂನು ಮಾಡಿತು. ದೇಶದ ಕಾನೂನು 1956ರಲ್ಲಿ ಬಂತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ತಿದ್ದುಪಡಿ ತಂದವು. ಅಂದರೆ ಎಲ್ಲ ನಿನ್ನೆ ಮೊನ್ನೆಯದು. ಕೊಟ್ಟ ಶಾಯಿಯಿನ್ನೂ ಆರಿಲ್ಲ. ಅಷ್ಟರಲ್ಲೇ ತವರಿನ ಬಾಂಧವ್ಯ ಕೆಡಬಾರದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಎಷ್ಟೋ ಜನ ಅಕ್ಕತಂಗಿಯರು ಸಹಿ ಹಾಕಿ ಬಂದಿರುತ್ತಾರೆ. ಕಾನೂನು ಕಿತ್ತುಕೊಳ್ಳಬೇಕಾದ ಕೆಲಸವನ್ನು ಪ್ರೀತಿಯೇ ಮಾಡಿ ಮುಗಿಸುವುದೂ ಉಂಟು.

ಪುಸ್ತಕದ ಕೊನೆಯ ಅಧ್ಯಾಯಕ್ಕೆ ಬಂದಾಗ ನನಗೆ ಇನ್ನೊಂದು ಪೆಟ್ಟು ಬಿತ್ತು. ಕತೆ ನಿಂತುಹೋಗಿ, 2195ರಲ್ಲಿ ನಡೆಯುವ ಒಂದು ವಿದ್ವಾಂಸರ ಸಭೆ ಬರುತ್ತದೆ. ಗಿಲಿಯಡ್ ಅಳಿದು ಎಷ್ಟೋ ಕಾಲವಾಗಿದೆ. ನಾವು ಇಷ್ಟು ಹೊತ್ತು ಓದಿದ್ದು, ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕ ಮೂವತ್ತರಷ್ಟು ಕ್ಯಾಸೆಟ್ಟುಗಳಲ್ಲಿದ್ದ ಒಬ್ಬ ಹೆಂಗಸಿನ ದನಿ ಎಂದು ತಿಳಿಯುತ್ತದೆ. ಪ್ರೊಫೆಸರೊಬ್ಬ ಅದರ ಬಗ್ಗೆ ಚಟಾಕಿ ಹಾರಿಸುತ್ತಾ ಭಾಷಣ ಮಾಡುತ್ತಾನೆ. ಆ ಕಮಾಂಡರ್ ನಿಜವಾಗಿ ಯಾರಿದ್ದಿರಬಹುದು ಎಂಬುದರಲ್ಲಿ ಅವನಿಗೆ ಬಹಳ ಆಸಕ್ತಿ. ಅವಳು ಯಾರು, ಏನಾದಳು ಎಂಬುದು ಪತ್ತೆಯಾಗುವುದಿಲ್ಲ. ಸಭಿಕರು ನಗುತ್ತಾರೆ.

ನನಗೆ ಆ ಪ್ರೊಫೆಸರನ ಮೇಲೆ ಸಿಟ್ಟು ಬಂತು. ಬಂದ ಸಿಟ್ಟು ಹಾಗೆಯೇ ತಿರುಗಿ ನನ್ನ ಮೇಲೇ ಬಿತ್ತು. ಅಂದು ಕೌಂಟರಿಗೆ ಬಂದಿದ್ದ ಆ ಗಂಡನ ಹೆಸರು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಖಾತೆ ಅವನದು. ನೋಟೆಷ್ಟು, ಮೊತ್ತವೆಷ್ಟು ಎಂಬುದೂ ನೆನಪಿದೆ. ಅವಳ ಹೆಸರು ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಧಾರಾವಾಹಿಯನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಅದನ್ನು ನೋಡಿರದಿದ್ದರೆ ನಾನು ಆ ಪುಸ್ತಕವನ್ನು ಮುಟ್ಟುತ್ತಲೂ ಇರಲಿಲ್ಲ. ಮೊದಲ ಕಂತಿನಲ್ಲಿ ಅಟ್‌ವುಡ್ ಅವರೇ ಒಂದು ಕ್ಷಣ ಬಂದು ನಾಯಕಿಯ ಕೆನ್ನೆಗೆ ಹೊಡೆದು ಹೋಗುತ್ತಾರೆಂದು ಮಗಳು ತೋರಿಸಿದ್ದಳು. ಅಂದು ನಕ್ಕಿದ್ದೆ. ಪುಸ್ತಕ ಮುಗಿಸಿದ ಮೇಲೆ ಆ ಏಟು ನನಗೂ ತಗಲಿತೆನ್ನಿ. ನೋಡುವಾಗ ನಾನು ಕೆಂಪು ಬಟ್ಟೆಯವರಿಗಾಗಿ ಮರುಗಿದೆ. ಓದುವಾಗ ಆ ಬಟ್ಟೆ ಕಾಣಿಸಲಿಲ್ಲ. ಬರೀ ದನಿ ಕೇಳಿಸಿತು, ಅದೂ ನನಗೆ ಗೊತ್ತಿರುವ ಮನೆಗಳ ಒಳಗಿನಿಂದ.

ಇನ್ನು ನನ್ನದೊಂದು ಉಳಿದಿದೆ. ನಮ್ಮವರು ಲ್ಯೂಕನ ಹಾಗೆಯೇ ಒಳ್ಳೆಯವರು. ಒಂದು ದಿನವೂ ಗದರಿದವರಲ್ಲ. ಆದರೆ ಮೊದಲ ಸಂಬಳ ಬಂದ ದಿನದಿಂದ ನನ್ನ ಪಾಸ್‌ಬುಕ್ಕು ಅವರ ಕಬ್ಬಿಣದ ಬೀರುವಿನಲ್ಲಿ, ಅವರ ಕಾಗದಗಳ ಜೊತೆಗೇ ಇತ್ತು. ಊರಿನವರ ಹಣ ಎಣಿಸಿ ಬಂದು, ಮನೆಯಲ್ಲಿ ಸೀರೆಗೆ ಇಷ್ಟು ಬೇಕು, ತಂಗಿಯ ಮಗನ ಮುಂಜಿಗೆ ಇಷ್ಟು ಬೇಕು ಎಂದು ನಾನು ಕೇಳಿ ಪಡೆಯುತ್ತಿದ್ದೆ. ಅವರು ಇಲ್ಲವೆಂದದ್ದಿಲ್ಲ. ನಾನು ಕೇಳದೇ ಇದ್ದದ್ದೂ ಇಲ್ಲ.

ಪುಸ್ತಕ ಮುಗಿದ ಮರುದಿನ ಅವರು ವಾಕಿಂಗಿಗೆ ಹೋಗಿದ್ದಾಗ ಬೀರು ತೆರೆದು ನನ್ನ ಪಾಸ್‌ಬುಕ್ಕು, ಚೆಕ್‌ಬುಕ್ಕು, ಕಾರ್ಡು ಮೂರನ್ನೂ ತೆಗೆದು ನನ್ನ ಹೊಲಿಗೆಯಂತ್ರದ ಡ್ರಾಯರಿನಲ್ಲಿಟ್ಟೆ. ನನ್ನದೇ ವಸ್ತು ತೆಗೆಯಲು ಅವರು ಮನೆಯಲ್ಲಿಲ್ಲದ ಹೊತ್ತು ನೋಡಿದೆನಲ್ಲ ಎಂಬುದು ಆಮೇಲೆ ಹೊಳೆದು, ಸಂಜೆ ಕಾಫಿ ಕೊಡುವಾಗ ನಾನೇ ಹೇಳಿದೆ.

"ಯಾಕೆ, ನನ್ನ ಹತ್ತಿರ ಇದ್ದರೆ ಏನಾಗುತ್ತಿತ್ತು? ನಾನಿದ್ದೇನಲ್ಲ" ಎಂದರು.

"ಇದ್ದೀರಿ. ಅದು ನನ್ನ ಹತ್ತಿರ ಇರಲಿ" ಎಂದೆ.

ಅವರು ಪೇಪರು ಮಡಿಸಿಟ್ಟು ಕಾಫಿ ಕುಡಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳ ಮೊದಲ ವಾರ ಮಾತ್ರ, ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ನಿಂತು ಕೇಳಿದರು: "ನಿನ್ನ ಪೆನ್ಷನ್ ಬಂತೇನೇ?"